ಆವಡಿಯಿಂದ ಭೂನ್ಯಾಯ ಮಂಡಳಿಯವರೆಗೆ: ಕಾಂಗ್ರೆಸ್ಸಿನ ಎಡ–ಬಲ ವಿವಾದ ಮತ್ತು ಕರ್ನಾಟಕ (1955–1983)

ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ತನ್ನನ್ನು ಎಡಕ್ಕೆ ವಾಲಿದ ಮಧ್ಯಮಮಾರ್ಗದ ಪಕ್ಷವೆಂದು ಗುರುತಿಸಿಕೊಂಡಿತ್ತು. ಜಮೀನುದಾರರು, ಕೈಗಾರಿಕೋದ್ಯಮಿಗಳು, ಮಧ್ಯಮ ವರ್ಗದ ವಿದ್ಯಾವಂತರು, ಸಣ್ಣ ರೈತರು, ದಲಿತರು ಹಾಗೂ ಅಲ್ಪಸಂಖ್ಯಾತರು ಒಂದೇ ಸೂರಿನಡಿ ಸೇರಿದ್ದ ಈ ಪಕ್ಷದಲ್ಲಿ ಎಡಕ್ಕೆ ಹೊರಳಬೇಕೋ ಬಲಕ್ಕೆ ಸರಿಯಬೇಕೋ ಎಂಬ ಪ್ರಶ್ನೆ ಪ್ರತಿ ಬಿಕ್ಕಟ್ಟಿನ ಸಂದರ್ಭದಲ್ಲಿಯೂ ತಲೆಯೆತ್ತಿದೆ. ಈ ವಿವಾದ ತನ್ನ ನಿರ್ಣಾಯಕ ಘಟ್ಟವನ್ನು ಮುಟ್ಟಿದ್ದು 1969ರ ಜುಲೈ ತಿಂಗಳಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಕನ್ನಡಿಗರಾದ ಎಸ್. ನಿಜಲಿಂಗಪ್ಪನವರು. ಆ ಹೋರಾಟದ ಫಲಿತಾಂಶ ಆಡಳಿತದ ರೂಪದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದ್ದರಿಂದ ಈ ವಿವಾದವನ್ನು ದೆಹಲಿಯ ನಾಯಕರ ಅಧಿಕಾರ ಕಲಹವೆಂದಷ್ಟೇ ಕಾಣದೆ, ಅದು ಒಂದು ರಾಜ್ಯದ ಹಳ್ಳಿಗಳನ್ನು ಹೇಗೆ ತಲುಪಿತು, ಎಲ್ಲಿ ನಿಂತಿತು ಎಂಬುದನ್ನು ಪರಿಶೀಲಿಸುವುದು ಉಪಯುಕ್ತವಾದುದು.

1. ಹಿನ್ನೆಲೆ

1934ರಲ್ಲಿ ಕಾಂಗ್ರೆಸ್ಸಿನ ಒಳಗೇ ರೂಪುಗೊಂಡ ಕಾಂಗ್ರೆಸ್ ಸಮಾಜವಾದಿ ಪಕ್ಷದ ನಾಯಕರು 1948ರಲ್ಲಿ ಮಾತೃಸಂಸ್ಥೆಯನ್ನು ತೊರೆದರು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ, ರಾಮಮನೋಹರ ಲೋಹಿಯಾ ಮೊದಲಾದವರ ನಿರ್ಗಮನದಿಂದ ಪಕ್ಷದ ಒಳಗಿನ ಸಮತೋಲ ಬಲಕ್ಕೆ ಸರಿಯಿತು. 1950ರಲ್ಲಿ ಪುರುಷೋತ್ತಮದಾಸ ಟಂಡನ್ ಅವರು ಅಧ್ಯಕ್ಷರಾಗಿ ಚುನಾಯಿತರಾದುದು ಇದರ ಸೂಚನೆ. ಮರುವರ್ಷವೇ ಟಂಡನ್ ರಾಜೀನಾಮೆ ನೀಡಿ, ಜವಾಹರಲಾಲ್ ನೆಹರೂ ಅವರು ಪ್ರಧಾನಿ ಪದವಿಯೊಂದಿಗೆ ಪಕ್ಷದ ಅಧ್ಯಕ್ಷತೆಯನ್ನೂ ವಹಿಸಿಕೊಂಡ ಬಳಿಕ ಪಕ್ಷದ ದಿಕ್ಕು ಮತ್ತೆ ಬದಲಾಯಿತು.

1955ರ ಜನವರಿಯಲ್ಲಿ ಮದರಾಸಿನ ಸಮೀಪದ ಆವಡಿಯಲ್ಲಿ, ಯು.ಎನ್. ಧೇಬರ್ ಅವರ ಅಧ್ಯಕ್ಷತೆಯಲ್ಲಿ ಸೇರಿದ ಅಧಿವೇಶನ ಸಮಾಜವಾದಿ ಮಾದರಿಯ ಸಮಾಜ ರಚನೆಯನ್ನು ಪಕ್ಷದ ಗುರಿಯೆಂದು ಅಂಗೀಕರಿಸಿತು. ಮರುತಿಂಗಳೇ ಆಂಧ್ರದಲ್ಲಿ ಚುನಾವಣೆ ನಡೆಯಲಿದ್ದು, ಅಲ್ಲಿ ಕಮ್ಯುನಿಸ್ಟರು ಪ್ರಬಲ ಪ್ರತಿಸ್ಪರ್ಧಿಗಳಾಗಿದ್ದರೆಂಬ ಸಂಗತಿಯನ್ನು ಇಲ್ಲಿ ಮರೆಯುವಂತಿಲ್ಲ. ಆಡಳಿತ ಪಕ್ಷ ಸಮಾಜವಾದದ ಭಾಷೆಯನ್ನು ತನ್ನದಾಗಿಸಿಕೊಂಡಾಗ ಸಮಾಜವಾದಿಗಳ ನೆಲೆ ಇಕ್ಕಟ್ಟಿಗೆ ಸಿಲುಕಿತು. ಕಾಂಗ್ರೆಸ್ಸಿನೊಡನೆ ಸಹಕರಿಸಬೇಕೆಂಬ ಅಶೋಕ ಮೆಹ್ತಾ ಅವರ ನಿಲುವಿಗೂ ಕಾಂಗ್ರೆಸ್ ಮತ್ತು ಕಮ್ಯುನಿಸ್ಟರಿಬ್ಬರಿಂದಲೂ ಸಮದೂರದಲ್ಲಿರಬೇಕೆಂಬ ಲೋಹಿಯಾ ಅವರ ನಿಲುವಿಗೂ ನಡುವಿನ ಬಿರುಕು ಹೆಚ್ಚಿ, 1955ರ ಕೊನೆಗೆ ಲೋಹಿಯಾ ಬೇರೆ ಪಕ್ಷವನ್ನೇ ಕಟ್ಟಿದರು.

1959ರ ಜನವರಿಯ ನಾಗಪುರ ಅಧಿವೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭೂಮಿತಿ ಮತ್ತು ಸಹಕಾರಿ ಕೂಡುಬೇಸಾಯದ ನಿರ್ಣಯವನ್ನು ಸ್ವೀಕರಿಸಿತು. ಉತ್ತರ ಪ್ರದೇಶದ ಚರಣ ಸಿಂಗ್ ಅವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ಕೂಡುಬೇಸಾಯ ಮಾತ್ರ ಎಲ್ಲಿಯೂ ಗಣನೀಯವಾಗಿ ಜಾರಿಗೆ ಬರಲಿಲ್ಲ. ಇದರ ಕಾರಣ ಸಂವಿಧಾನದಲ್ಲಿಯೂ ಸಮಾಜದಲ್ಲಿಯೂ ಇತ್ತು. ಭೂಮಿ ರಾಜ್ಯಗಳ ಅಧಿಕಾರ ವ್ಯಾಪ್ತಿಗೆ ಸೇರಿದ ವಿಷಯ. ರಾಜ್ಯಗಳ ಶಾಸನ ಸಭೆಗಳಲ್ಲಿ ಕಾಂಗ್ರೆಸ್ಸಿನ ಪರವಾಗಿ ಕುಳಿತವರಲ್ಲಿ ಬಹುಪಾಲು ಜನ ಭೂಮಾಲೀಕ ವರ್ಗಕ್ಕೆ ಸೇರಿದವರು. ಎಡಕ್ಕೆ ಹೊರಳಿದ ನಿರ್ಣಯವನ್ನು ಜಾರಿಗೊಳಿಸಬೇಕಾದವರೇ ಅದರಿಂದ ನಷ್ಟ ಹೊಂದುವವರಾಗಿದ್ದರು.

2. ಏಕೀಕೃತ ರಾಜ್ಯದಲ್ಲಿ ಕಾಗದದ ಮೇಲಿನ ಸುಧಾರಣೆ

ಮೈಸೂರು ರಾಜ್ಯದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. ಗೇಣಿ ಪದ್ಧತಿಯ ವಿರುದ್ಧದ ಅಸಮಾಧಾನ ಇಲ್ಲಿ ಹೊಸದಾಗಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹಕ್ಕೆ ಸಮಾಜವಾದಿ ಪಕ್ಷ ಬೆಂಬಲ ನೀಡಿತ್ತು. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ರಾಜಕೀಯ ಜೀವನಕ್ಕೆ ಆ ಹೋರಾಟ ಒಂದು ತಳಹದಿಯಾಯಿತು. ಏಕೀಕರಣದ ನಂತರ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ 1961ರಲ್ಲಿ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಭೂಮಿಯನ್ನು ಮರಳಿ ಪಡೆಯುವುದಕ್ಕೆ ಅದರಲ್ಲಿ ಅವಕಾಶವಿತ್ತು. ನಡುವಣ ವರ್ಷಗಳಲ್ಲಿ ಜಮೀನನ್ನು ಕುಟುಂಬದವರ ಹೆಸರಿಗೆ ಹಂಚಿಕೊಳ್ಳುವುದಕ್ಕೂ ಗೇಣಿದಾರರನ್ನು ಬಿಡಿಸುವುದಕ್ಕೂ ಸಾಕಷ್ಟು ಕಾಲ ದೊರೆಯಿತು.

1956ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಮತ್ತು ವೀರೇಂದ್ರ ಪಾಟೀಲರು ಒಂದೇ ಪ್ರಬಲ ಸಮುದಾಯಕ್ಕೆ ಸೇರಿದವರು. ಹಳೆಯ ಮೈಸೂರಿನಲ್ಲಿ ಅದಕ್ಕೆ ಸಮಾನವಾದ ಬಲ ಮತ್ತೊಂದು ಭೂಹಿಡುವಳಿ ಸಮುದಾಯಕ್ಕಿತ್ತು. ಈ ನಾಯಕರ ವೈಯಕ್ತಿಕ ಪ್ರಾಮಾಣಿಕತೆಯ ಬಗ್ಗೆಯಾಗಲಿ ರಾಜ್ಯ ನಿರ್ಮಾಣಕ್ಕೆ ಅವರು ನೀಡಿದ ಕೊಡುಗೆಯ ಬಗ್ಗೆಯಾಗಲಿ ಇಲ್ಲಿ ಆಕ್ಷೇಪವಿಲ್ಲ. ಏಕೀಕರಣಕ್ಕಾಗಿ ದುಡಿದ ನಿಜಲಿಂಗಪ್ಪನವರ ಸ್ಥಾನ ನಿರ್ವಿವಾದವಾದುದು. ಆದರೆ ಅವರು ನಡೆಸಿದ ಪಕ್ಷದ ಬೇರುಗಳು ಪ್ರಬಲ ಸಮುದಾಯಗಳ ಗ್ರಾಮೀಣ ಮುಖಂಡರಲ್ಲಿದ್ದವು. ಆವಡಿಯ ನಿರ್ಣಯ ಬೆಂಗಳೂರಿನವರೆಗೆ ಬಂದರೂ ತಾಲ್ಲೂಕು ಕೇಂದ್ರವನ್ನು ದಾಟಲು ಇದೇ ಅಡ್ಡಿಯಾಯಿತು.

3. ಗಾಜಿನ ಮನೆಯ ಅಧಿವೇಶನ

1967ರ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿನ ಲೋಕಸಭಾ ಸ್ಥಾನಗಳು 361ರಿಂದ 283ಕ್ಕೆ ಇಳಿದವು; ಎಂಟು ರಾಜ್ಯಗಳಲ್ಲಿ ಬಹುಮತ ಕೈತಪ್ಪಿತು. ಪಕ್ಷದ ಸೂತ್ರಧಾರರೆನಿಸಿದ್ದ ‘ಸಿಂಡಿಕೇಟ್’ ಗುಂಪಿನ ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್ ಸ್ವತಃ ಸೋತರು. ಈ ಸೋಲಿನ ವ್ಯಾಖ್ಯಾನದಲ್ಲಿಯೇ ಎಡ–ಬಲ ವಿವಾದ ಮರುಹುಟ್ಟು ಪಡೆಯಿತು. ಬರಗಾಲ, ಬೆಲೆಯೇರಿಕೆ ಮತ್ತು 1966ರ ಜೂನ್‌ನಲ್ಲಿ ನಡೆದ ರೂಪಾಯಿ ಅಪಮೌಲ್ಯದಿಂದ ಬಡವರು ಪಕ್ಷದಿಂದ ದೂರವಾದರೆಂಬುದು ಒಂದು ವಾದ. ಆಡಳಿತದ ಅದಕ್ಷತೆ, ಸಾರ್ವಜನಿಕ ಉದ್ಯಮಗಳ ನಷ್ಟ ಹಾಗೂ ಸಂಘಟನೆಯ ಶಿಥಿಲತೆ ಸೋಲಿಗೆ ಕಾರಣವೆಂಬುದು ಇನ್ನೊಂದು.

1967ರ ಮೇ ತಿಂಗಳಲ್ಲಿ ಕಾರ್ಯಸಮಿತಿ ಹತ್ತು ಅಂಶಗಳ ಕಾರ್ಯಕ್ರಮವನ್ನು ಅಂಗೀಕರಿಸಿತು. ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣ, ಸಾಮಾನ್ಯ ವಿಮೆಯ ರಾಷ್ಟ್ರೀಕರಣ, ನಗರದ ಆದಾಯ ಮತ್ತು ಆಸ್ತಿಗೆ ಮಿತಿ, ಮಾಜಿ ಅರಸರ ವಿಶೇಷ ಹಕ್ಕುಗಳ ರದ್ದತಿ ಇವುಗಳಲ್ಲಿ ಮುಖ್ಯವಾದವು. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಸಾಮಾಜಿಕ ನಿಯಂತ್ರಣವೇ ಸಾಕೆಂದರು. ಚಂದ್ರಶೇಖರ್, ಮೋಹನ್ ಧಾರಿಯಾ ಮೊದಲಾದ ‘ತರುಣ ತುರ್ಕಿ’ಗಳು ಪೂರ್ಣ ರಾಷ್ಟ್ರೀಕರಣವನ್ನು ಒತ್ತಾಯಿಸಿದರು. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ನಿಜಲಿಂಗಪ್ಪನವರು ಸಾರ್ವಜನಿಕ ಉದ್ಯಮಗಳ ಕಾರ್ಯವೈಖರಿಯನ್ನು ಟೀಕಿಸಿದಾಗ ಪ್ರಧಾನಿ ಇಂದಿರಾ ಗಾಂಧಿ ಅದೇ ವೇದಿಕೆಯಿಂದ ಅದಕ್ಕೆ ಪ್ರತ್ಯುತ್ತರ ನೀಡಿದರು.

ಮೂರು ತಿಂಗಳ ಬಳಿಕ ಬೆಂಗಳೂರಿನಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಎದುರಾದವು. ಮೊದಲನೆಯದು ಆರ್ಥಿಕ ನೀತಿ. ಅವಸರದಲ್ಲಿ ಹೇಳಿ ಬರೆಸಿದ ಕೆಲವು ಬಿಡಿ ಆಲೋಚನೆಗಳೆಂಬ ವಿವರಣೆಯೊಡನೆ ಇಂದಿರಾ ಗಾಂಧಿ ಕಳುಹಿಸಿದ ಟಿಪ್ಪಣಿಯನ್ನು ಫಕ್ರುದ್ದೀನ್ ಅಲಿ ಅಹ್ಮದ್ ಕಾರ್ಯಸಮಿತಿಯ ಮುಂದಿಟ್ಟರು. ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸಾಧ್ಯತೆ, ಏಕಸ್ವಾಮ್ಯದ ನಿಯಂತ್ರಣ, ಭೂಸುಧಾರಣೆಯ ತ್ವರಿತ ಜಾರಿ ಮುಂತಾದವು ಅದರಲ್ಲಿದ್ದವು. ಯಶವಂತರಾವ್ ಚವಾಣ್ ಅವರು ಸಿದ್ಧಪಡಿಸಿದ ರಾಜಿಸೂತ್ರದ ಮೂಲಕ ಆ ವಿಷಯ ಬಿರುಕಿಲ್ಲದೆ ಮುಗಿಯಿತು. ಎರಡನೆಯದು, ಮೇ 3ರಂದು ನಿಧನರಾದ ಜಾಕಿರ್ ಹುಸೇನ್ ಅವರ ಸ್ಥಾನಕ್ಕೆ ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆ. ಸಂಸದೀಯ ಮಂಡಳಿ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಎಡ ಕಾರ್ಯಕ್ರಮದ ವಿಷಯದಲ್ಲಿ ಒಮ್ಮತ ಸಾಧ್ಯವಾದ ಸಭೆಯಲ್ಲಿ ಅಧಿಕಾರದ ವಿಷಯದಲ್ಲಿ ಅದು ಸಾಧ್ಯವಾಗಲಿಲ್ಲವೆಂಬುದು ಈ ಅಧಿವೇಶನದ ಅತ್ಯಂತ ಗಮನಾರ್ಹ ಸಂಗತಿ. ಆವಡಿಯಿಂದ ಮೊದಲ್ಗೊಂಡು ಪಕ್ಷದ ಎಲ್ಲ ಬಣಗಳೂ ಸಮಾಜವಾದಿ ನಿರ್ಣಯಗಳಿಗೆ ಕೈಯೆತ್ತುವ ಅಭ್ಯಾಸ ಮಾಡಿಕೊಂಡಿದ್ದವು.

ಮುಂದಿನ ಘಟನೆಗಳು ವೇಗವಾಗಿ ನಡೆದವು. ಜುಲೈ 16ರಂದು ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಅವುಗಳಲ್ಲಿ ಎರಡು ಕನ್ನಡ ಕರಾವಳಿಯಲ್ಲಿ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕ್ ಮತ್ತು 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್. ಎರಡನೆಯದು 1928ರಿಂದಲೇ ಪಿಗ್ಮಿ ಠೇವಣಿಯ ಮೂಲಕ ಬಡವರ ದಿನನಿತ್ಯದ ಚಿಲ್ಲರೆ ಉಳಿತಾಯವನ್ನು ಸಂಗ್ರಹಿಸುತ್ತಿತ್ತು. ಆಗಸ್ಟ್‌ನ ರಾಷ್ಟ್ರಪತಿ ಚುನಾವಣೆಯಲ್ಲಿ ‘ಆತ್ಮಸಾಕ್ಷಿಯ ಮತ’ದ ಕರೆಯ ಬಲದಿಂದ ವಿ.ವಿ. ಗಿರಿ ಅಲ್ಪ ಅಂತರದಲ್ಲಿ ಗೆದ್ದರು. ನವೆಂಬರ್ 12ರಂದು ಇಂದಿರಾ ಗಾಂಧಿ ಪಕ್ಷದಿಂದ ಉಚ್ಚಾಟಿತರಾದರು. ಪಕ್ಷವು ಸಂಸ್ಥಾ ಕಾಂಗ್ರೆಸ್ ಮತ್ತು ಆಡಳಿತ ಕಾಂಗ್ರೆಸ್ ಎಂದು ಇಬ್ಭಾಗವಾಯಿತು.

4. ಎರಡು ಪಕ್ಷಗಳ ವಾದ

ಈ ಒಡಕನ್ನು ಪ್ರಗತಿಪರರು ಮತ್ತು ಪ್ರತಿಗಾಮಿಗಳ ನಡುವಣ ಹೋರಾಟವೆಂದು ಚಿತ್ರಿಸುವುದು ಅಂದಿನಿಂದಲೂ ರೂಢಿಯಲ್ಲಿದೆ. ಈ ಚಿತ್ರಣ ಭಾಗಶಃ ಮಾತ್ರ ಸರಿ. ಮದರಾಸಿನಲ್ಲಿ ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ಯೋಜನೆಯನ್ನು ವಿಸ್ತರಿಸಿದ ಕಾಮರಾಜ್ ಸಂಸ್ಥಾ ಕಾಂಗ್ರೆಸ್ಸಿನಲ್ಲಿದ್ದರು. ಸಮಾಜವಾದಿ ಚಳವಳಿಯಿಂದ ಬಂದ ಅಶೋಕ ಮೆಹ್ತಾ ಅವರೂ ಅದನ್ನೇ ಸೇರಿದರು. ಚುನಾಯಿತ ಪಕ್ಷ ಸಂಸ್ಥೆಯ ತೀರ್ಮಾನವನ್ನು ಪ್ರಧಾನಿ ಉಲ್ಲಂಘಿಸಬಹುದೇ ಎಂಬುದು ನಿಜಲಿಂಗಪ್ಪನವರು ಎತ್ತಿದ ಮುಖ್ಯ ಪ್ರಶ್ನೆ. ಅದು ಬಲಪಂಥೀಯ ಪ್ರಶ್ನೆಯಲ್ಲ, ಆಂತರಿಕ ಪ್ರಜಾಪ್ರಭುತ್ವದ ಪ್ರಶ್ನೆ. ಆದರೆ ಸಂಜೀವ ರೆಡ್ಡಿ ಅವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೋರಿ ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದುದು ಅವರ ವಾದದ ನೈತಿಕ ಬಲವನ್ನು ಕುಂದಿಸಿತು. 1971ರಲ್ಲಿ ಅದೇ ಪಕ್ಷಗಳೊಡನೆ ರಚಿಸಿದ ಮಹಾಮೈತ್ರಿಕೂಟ ಸಂಸ್ಥಾ ಕಾಂಗ್ರೆಸ್ಸನ್ನು ಮತದಾರರ ಕಣ್ಣಿನಲ್ಲಿ ಬಲಪಂಥದ ಪಕ್ಷವಾಗಿಸಿತು.

ಇನ್ನೊಂದು ಕಡೆ, ಇಂದಿರಾ ಗಾಂಧಿಯವರ ಬಣ ಎಡಕ್ಕೆ ಹೊರಳಿದ್ದರಲ್ಲಿ ಅಧಿಕಾರ ರಕ್ಷಣೆಯ ಲೆಕ್ಕಾಚಾರ ಇರಲಿಲ್ಲವೆಂದು ಹೇಳಲಾಗದು. ಲೋಕಸಭೆಯಲ್ಲಿ ಸುಮಾರು 220 ಸದಸ್ಯರ ಬೆಂಬಲ ಮಾತ್ರ ಇದ್ದ ಸರ್ಕಾರಕ್ಕೆ ಕಮ್ಯುನಿಸ್ಟರ ಮತ್ತು ದ್ರಾವಿಡ ಮುನ್ನೇತ್ರ ಕಳಗದ ಆಸರೆ ಬೇಕಾಗಿತ್ತು. ರಾಜಧನ ರದ್ದತಿಯ ಮಸೂದೆ 1970ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಗಿ, 1971ರ 26ನೆಯ ತಿದ್ದುಪಡಿಯ ಮೂಲಕ ಮಾತ್ರ ಊರ್ಜಿತವಾಯಿತು. 1971ರ ಚುನಾವಣೆಯಲ್ಲಿ ‘ಗರೀಬಿ ಹಠಾವೋ’ ಘೋಷಣೆಯೊಡನೆ ಆಡಳಿತ ಕಾಂಗ್ರೆಸ್ 352 ಸ್ಥಾನಗಳನ್ನು ಗಳಿಸಿದರೆ ಸಂಸ್ಥಾ ಕಾಂಗ್ರೆಸ್ಸಿಗೆ ದೊರೆತದ್ದು 16.

5. ಮೈಸೂರಿನ ಪ್ರಯೋಗ

ಒಡಕಿನ ಸಮಯದಲ್ಲಿ ಮೈಸೂರು ರಾಜ್ಯದ ಕಾಂಗ್ರೆಸ್ ಶಾಸಕರಲ್ಲಿ ಹೆಚ್ಚಿನವರು ಮುಖ್ಯಮಂತ್ರಿ ವೀರೇಂದ್ರ ಪಾಟೀಲರೊಡನೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಆಡಳಿತ ಕಾಂಗ್ರೆಸ್ಸಿನ ನಾಯಕತ್ವ ಹುಣಸೂರಿನ ಡಿ. ದೇವರಾಜ ಅರಸರಿಗೆ ಬಂದಿತು. ಸಂಖ್ಯೆಯಲ್ಲಿ ಅತಿ ಚಿಕ್ಕದಾದ ಅರಸು ಸಮುದಾಯಕ್ಕೆ ಸೇರಿದ ಅವರಿಗೆ ಪ್ರಬಲ ಸಮುದಾಯಗಳ ಬೆಂಬಲವನ್ನು ನೆಚ್ಚಿ ನಿಲ್ಲುವ ಅವಕಾಶವಿರಲಿಲ್ಲ. ಸಣ್ಣಪುಟ್ಟ ಹಿಂದುಳಿದ ಜಾತಿಗಳು, ದಲಿತರು ಮತ್ತು ಅಲ್ಪಸಂಖ್ಯಾತರನ್ನು ಒಗ್ಗೂಡಿಸುವುದು ಅವರಿಗೆ ಆದರ್ಶವೂ ಆಗಿತ್ತು, ಅನಿವಾರ್ಯವೂ ಆಗಿತ್ತು. 1971ರಲ್ಲಿ ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳನ್ನು ಆಡಳಿತ ಕಾಂಗ್ರೆಸ್ ಗೆದ್ದುಕೊಂಡಿತು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿ, ಒಂದು ವರ್ಷದ ರಾಷ್ಟ್ರಪತಿ ಆಳ್ವಿಕೆಯ ನಂತರ ನಡೆದ 1972ರ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165 ಅದಕ್ಕೆ ದೊರೆತವು. ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ 1961ರ ಕಾಯಿದೆಯ ಸ್ವರೂಪವನ್ನೇ ಬದಲಾಯಿಸಿತು. ಗೇಣಿಗೆ ಕೊಟ್ಟ ಎಲ್ಲ ಜಮೀನೂ ಅಂದಿನಿಂದ ಸರ್ಕಾರಕ್ಕೆ ಸೇರಿದುದಾಗಿ, ಸಾಗುವಳಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ಐದು ಜನರ ಕುಟುಂಬಕ್ಕೆ ಹಿಡುವಳಿಯ ಮಿತಿಯನ್ನು 10 ಯೂನಿಟ್‌ಗಳಿಗೆ ನಿಗದಿಪಡಿಸಲಾಯಿತು. ಇದು ಉತ್ತಮ ನೀರಾವರಿ ಜಮೀನಾದರೆ 10 ಎಕರೆ, ಒಣಭೂಮಿಯಾದರೆ 54 ಎಕರೆ.

ಕಾಯಿದೆಯ ನಿಜವಾದ ಬಲ ಅದರ ಜಾರಿಯ ವ್ಯವಸ್ಥೆಯಲ್ಲಿತ್ತು. ಪ್ರತಿ ತಾಲ್ಲೂಕಿಗೂ ಭೂನ್ಯಾಯ ಮಂಡಳಿಗಳು ರಚಿತವಾದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಬೇಕು. ಸಿವಿಲ್ ನ್ಯಾಯಾಲಯಗಳ ಅಧಿಕಾರವನ್ನು ಈ ವಿಷಯದಲ್ಲಿ ತೆಗೆದುಹಾಕಲಾಯಿತು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಆರಂಭದಲ್ಲಿ ಮೇಲ್ಮನವಿಗೂ ಆಸ್ಪದವಿಲ್ಲದೆ, ಹೈಕೋರ್ಟಿಗೆ ರಿಟ್ ಅರ್ಜಿಯೊಂದೇ ದಾರಿಯಾಗಿತ್ತು. ದಾಖಲೆ ಪತ್ರವಿಲ್ಲದ ಗೇಣಿದಾರನು ಒಡೆಯನ ಎದುರಿಗೆ ನಿಂತು, ಊರವರ ಸಾಕ್ಷಿಯ ಬಲದಿಂದ ತನ್ನ ಸಾಗುವಳಿಯನ್ನು ಹೇಳಿಕೊಳ್ಳಬಹುದಾದ ಸ್ಥಳ ಮೊದಲ ಬಾರಿಗೆ ನಿರ್ಮಾಣವಾಯಿತು. ಅರ್ಜಿಯ ಅಂತಿಮ ದಿನವನ್ನು ಹಲವು ಬಾರಿ ಮುಂದಕ್ಕೆ ಹಾಕಿ 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು. ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾದವು. ಮೂಲಗೇಣಿ, ಚಾಲಗೇಣಿ ಪದ್ಧತಿಗಳು ವ್ಯಾಪಕವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ ಹಾಗೂ ಮಲೆನಾಡಿನಲ್ಲಿ ಇದರ ಪರಿಣಾಮ ಅತಿ ಹೆಚ್ಚು. ಅಲ್ಲಿ ಗೇಣಿದಾರರ ಸಂಘಟನೆಗಳು ಮೊದಲೇ ಇದ್ದುದು ಅರ್ಜಿ ಸಲ್ಲಿಕೆಗೆ ನೆರವಾಯಿತು.

ಇದರೊಂದಿಗೆ 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಸಲ್ಲಿಸಿತು; 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿ ಆದೇಶ ಹೊರಟಿತು. ಆವಡಿಯ ನಿರ್ಣಯದ ಕಾಲದ ಪಕ್ಷಕ್ಕೂ ಈ ಪಕ್ಷಕ್ಕೂ ಇದ್ದ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಕಾರ್ಯಕ್ರಮದ ಭಾಷೆ ಬಹುಮಟ್ಟಿಗೆ ಹಳೆಯದೇ. ಅದನ್ನು ಜಾರಿಗೊಳಿಸುವ ಪೀಠದಲ್ಲಿ ಕುಳಿತವರು ಮಾತ್ರ ಬೇರೆಯವರಾಗಿದ್ದರು.

6. ಎಡ ಹೊರಳಿಕೆಯ ಮಿತಿಗಳು

ಈ ಸಾಧನೆಯನ್ನು ಅತಿಶಯಗೊಳಿಸುವುದೂ ಸಲ್ಲದು. ಕಾಯಿದೆಯಿಂದ ಲಾಭ ಪಡೆದವನು ಗೇಣಿದಾರ. ಭೂಮಿಯೇ ಇಲ್ಲದ ಕೃಷಿ ಕೂಲಿಕಾರನಲ್ಲ. ಗೇಣಿ ಕಡಿಮೆಯಿದ್ದ ಬಯಲುಸೀಮೆಯಲ್ಲಿ ಹಿಡುವಳಿ ಮಿತಿಯಿಂದ ಹಂಚಿಕೆಗೆ ದೊರೆತ ಹೆಚ್ಚುವರಿ ಭೂಮಿ ಅತ್ಯಲ್ಪ. ಅರಸರ ಸಂಪುಟದಲ್ಲಿ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಬಿ. ಬಸವಲಿಂಗಪ್ಪನವರು 1973ರ ‘ಬೂಸಾ’ ಪ್ರಕರಣದ ಗಲಭೆಯ ನಂತರ ಸಂಪುಟದಿಂದ ಹೊರಗೆ ಹೋಗಬೇಕಾಯಿತು. ದಲಿತರ ಆಶೋತ್ತರಗಳು ಪಕ್ಷದ ಒಳಗಿಗಿಂತ ಹೊರಗಿನ ಚಳವಳಿಗಳಲ್ಲಿ ಹೆಚ್ಚಾಗಿ ಧ್ವನಿ ಪಡೆದವು. 1980ರ ನರಗುಂದ–ನವಲಗುಂದ ಬಂಡಾಯದ ಬಳಿಕ ರೈತರ ಅಸಮಾಧಾನವೂ ಪಕ್ಷದ ಹೊರಗೆ ಸಂಘಟಿತವಾಯಿತು.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28 ಸ್ಥಾನಗಳ ಪೈಕಿ 26 ಅದಕ್ಕೆ ದೊರೆತವು. ಇದನ್ನು ಭೂಸುಧಾರಣೆಯ ಫಲವೆಂದಷ್ಟೇ ಹೇಳುವಂತಿಲ್ಲ. ಆಂಧ್ರದಲ್ಲಿಯೂ 42ರ ಪೈಕಿ 41 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತ್ತು. ತುರ್ತುಪರಿಸ್ಥಿತಿಯ ಅನುಭವ ದಕ್ಷಿಣದಲ್ಲಿ ಉತ್ತರದಷ್ಟು ತೀವ್ರವಾಗಿರಲಿಲ್ಲವೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಆದರೂ 1978ರ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನಗಳನ್ನು ಗಳಿಸಿದುದೂ ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ತಮ್ಮ ಪ್ರತಿಸ್ಪರ್ಧಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಮರಳಿದುದೂ ಅರಸರು ಕಟ್ಟಿದ ಸಾಮಾಜಿಕ ಒಕ್ಕೂಟದ ಬಲವನ್ನು ಸೂಚಿಸುತ್ತವೆ.

ಅದೇ ಒಕ್ಕೂಟ ಅರಸರನ್ನು ಉಳಿಸಲಿಲ್ಲ. 1979ರಲ್ಲಿ ಇಂದಿರಾ ಗಾಂಧಿಯವರೊಡನೆ ಭಿನ್ನಾಭಿಪ್ರಾಯ ತಲೆದೋರಿ ಅವರು ಪಕ್ಷದಿಂದ ಉಚ್ಚಾಟಿತರಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನಗಳನ್ನು ಪಡೆಯಿತು. ಶಾಸಕರು ಸಾಲುಸಾಲಾಗಿ ಪಕ್ಷಾಂತರ ಮಾಡಿದರು. ಅರಸರು ರಾಜೀನಾಮೆ ನೀಡಿದರು. 1982ರ ಜೂನ್ 6ರಂದು ಅವರು ನಿಧನರಾದರು. ಭೂಮಿ ಪಡೆದ ಗೇಣಿದಾರನ ಕೃತಜ್ಞತೆ ಪಕ್ಷದ ಗ್ರಾಮ ಘಟಕಕ್ಕೆ ಸಂದಿರಲಿಲ್ಲ, ಏಕೆಂದರೆ ಅಂತಹ ಘಟಕವೇ ಇರಲಿಲ್ಲ. ಅದು ದೂರದ ನಾಯಕಿಯ ಹೆಸರಿಗೆ ಸಂದಿತ್ತು. 1972ರ ನಂತರ ಎರಡು ದಶಕಗಳ ಕಾಲ, 1992ರವರೆಗೆ, ಕಾಂಗ್ರೆಸ್ಸಿನಲ್ಲಿ ಸಾಂಸ್ಥಿಕ ಚುನಾವಣೆಗಳೇ ನಡೆಯಲಿಲ್ಲ. 1969ರಲ್ಲಿ ನಿಜಲಿಂಗಪ್ಪನವರು ಎತ್ತಿದ ಪ್ರಶ್ನೆ ಹತ್ತು ವರ್ಷಗಳ ಬಳಿಕ, ಅವರ ವಿರುದ್ಧ ನಿಂತಿದ್ದ ಅರಸರಿಗೇ ಎದುರಾಯಿತು. 1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂದಿತು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಹೊರಪಡುತ್ತವೆ. ಮೊದಲನೆಯದಾಗಿ, ಮಧ್ಯಮಮಾರ್ಗದ ಪಕ್ಷವೊಂದು ಎಡಕ್ಕೆ ಹೊರಳಿತೋ ಇಲ್ಲವೋ ಎಂಬುದನ್ನು ಅದರ ಅಧಿವೇಶನಗಳ ನಿರ್ಣಯಗಳಿಂದ ಅಳೆಯಲಾಗದು. ಆವಡಿ ಮತ್ತು ನಾಗಪುರದ ನಿರ್ಣಯಗಳು ಗಾಜಿನ ಮನೆಯ ನಿರ್ಣಯಕ್ಕಿಂತ ಕಡಿಮೆ ಧೀರವಾದವುಗಳಲ್ಲ. ನಿರ್ಣಯವನ್ನು ಜಾರಿಗೊಳಿಸುವ ತಾಲ್ಲೂಕು ಮಟ್ಟದ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಅದರ ದಿಕ್ಕನ್ನು ನಿಶ್ಚಯಿಸುತ್ತದೆ. ಎರಡನೆಯದಾಗಿ, ಆ ಅಧಿಕಾರವನ್ನು ಕೈ ಬದಲಾಯಿಸುವ ಕಾರ್ಯವನ್ನು ಪಕ್ಷ ಸಂಘಟನೆಯನ್ನು ಬದಿಗೆ ಸರಿಸಿ ಸಾಧಿಸಿದರೆ, ಫಲ ಜನರಿಗೆ ದಕ್ಕಬಹುದು, ಪಕ್ಷಕ್ಕೆ ದಕ್ಕಲಾರದು.

1991ರಲ್ಲಿ ಪಿ.ವಿ. ನರಸಿಂಹರಾವ್ ಅವರ ಸರ್ಕಾರ ಉದಾರೀಕರಣವನ್ನು ಕೈಗೊಂಡಾಗ ಅದೇ ಪಕ್ಷ ವಿರುದ್ಧ ದಿಕ್ಕಿಗೆ ಸರಿಯಿತು. ಈ ಬಾರಿಯ ತಿರುವು ಅಧಿವೇಶನದ ಚರ್ಚೆಯಿಂದ ಹುಟ್ಟಿದುದಲ್ಲ. ಸರ್ಕಾರ ಮೊದಲು ನಡೆದು, ಪಕ್ಷ ಅದನ್ನು ಹಿಂಬಾಲಿಸಿತು. 1969ರಲ್ಲಿ ಪಕ್ಷ ಮತ್ತು ಸರ್ಕಾರದ ನಡುವೆ ನಡೆದ ಹೋರಾಟದಲ್ಲಿ ಸರ್ಕಾರ ಗಳಿಸಿದ ಮೇಲುಗೈ ಹೀಗೆ ಬಲಕ್ಕೆ ಸರಿಯುವ ದಾರಿಯನ್ನೂ ಸುಗಮಗೊಳಿಸಿತ್ತು. ಈ ಎಲ್ಲ ಏರಿಳಿತಗಳ ನಡುವೆ, ಮಂಡಳಿಗಳ ಆದೇಶದಿಂದ ಪಹಣಿಯಲ್ಲಿ ತಮ್ಮ ಹೆಸರು ಕಂಡ ಗೇಣಿದಾರ ಕುಟುಂಬಗಳ ಹಕ್ಕು ಮಾತ್ರ ಉಳಿದುಕೊಂಡಿತು. ಕರ್ನಾಟಕದಲ್ಲಿ ಎಡ–ಬಲ ವಿವಾದದ ಚರಿತ್ರೆಯನ್ನು ಬರೆಯುವವರು ಅಧಿವೇಶನಗಳ ವರದಿಗಳೊಂದಿಗೆ ತಾಲ್ಲೂಕು ಕಚೇರಿಗಳಲ್ಲಿರುವ ಆ ಕಡತಗಳನ್ನೂ ಆಕರವಾಗಿ ಬಳಸಿಕೊಳ್ಳಬೇಕಾದುದು ಅಗತ್ಯ.